ಗುರುತಿಲ್ಲದ ಬೆಟ್ಟದ ಹಾದಿಗೆ ಹೊರಡುವ ಮುನ್ನ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಇಲ್ಲಿ ಕೂಡಿದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ: ಹಾಗಲವಾಡಿಯ ಕಡೆಯ ಗುಡ್ಡಗಳಿಗೆ ಮತ್ತೆ ಯಾವಾಗ ಹೋಗುವುದು? ಅದರ ಬೆನ್ನಿಗೇ ಹಿಂದಿನ ಬೆಂಚುಗಳಲ್ಲಿ ಕುಳಿತ ತಂದೆತಾಯಿಗಳಿಂದ ಇನ್ನೊಂದು ಮಾತೂ ಬರುತ್ತದೆ: ಆ ಗುಡ್ಡಗಳ ಸಹವಾಸ ಸಾಕು. ಎರಡು ಮಾತಿಗೂ ಉತ್ತರ ಹೇಳತಕ್ಕವರು ನಾವೇ ಆಗಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಗುರುತು ಸರಿಯಾಗಿಲ್ಲದ ಬೆಟ್ಟದ ಹಾದಿಗೆ ಹೊರಡುವವರು ಮನೆಯಲ್ಲಿ ಕುಳಿತು ಏನೇನು ಯೋಚಿಸಬೇಕು, ನಾವು ಏನನ್ನು ಯೋಚಿಸದೆ ಹೋಗಿದ್ದೆವು, ಇನ್ನು ಮುಂದೆ ಏನು ಮಾಡಲು ನಿಶ್ಚಯಿಸಿದ್ದೇವೆ ಎಂಬುದನ್ನು ವಾಚಕರು ಇದರಲ್ಲಿ ಕಾಣಬಹುದು.

ನಡೆದ ಸಂಗತಿಯನ್ನು ಮೊದಲು ಹೇಳಿಬಿಡುವುದು ಲೇಸು. ಕೆಲವು ವರ್ಷಗಳ ಹಿಂದೆ ಜನವರಿ ತಿಂಗಳ ಒಂದು ಶನಿವಾರ, ಉಪಾಧ್ಯಾಯಿನಿಯರು ಇಬ್ಬರು, ಪೂರ್ವವಿದ್ಯಾರ್ಥಿನಿಯರು ನಾಲ್ವರು, ಮೇಲಿನ ತರಗತಿಯ ಹುಡುಗಿಯರು ಐವರು, ಹೀಗೆ ನಾವು ಹನ್ನೊಂದು ಮಂದಿ ಹಾಗಲವಾಡಿಯಿಂದ ಪಡುವಣ ಗುಡ್ಡಸಾಲಿನ ಕಡೆಗೆ ನಡೆದೆವು. ಏರುವಾಗ ಯಾವ ತೊಂದರೆಯೂ ಆಗಲಿಲ್ಲ. ನೆತ್ತಿಯ ಮೇಲೆ ಊಟ ಮಾಡಿ, ಹಾಡಿ, ಕಾಲದ ಪರಿವೆಯಿಲ್ಲದೆ ಕುಳಿತು, ಎರಡು ಗಂಟೆ ದಾಟಿದ ಮೇಲೆ ಇಳಿಯತೊಡಗಿದೆವು. ಸ್ವಲ್ಪ ಕೆಳಗೆ ಹಾದಿ ಮೂರಾಗಿ ಒಡೆಯಿತು. ಏರುವಾಗ ಈ ಕವಲನ್ನು ನಾವಾರೂ ಕಂಡಿರಲಿಲ್ಲ; ಏಕೆಂದರೆ ಮೂರು ಹಾದಿಗಳು ಕೂಡುವ ಕಡೆಗೆ ಬರುವವನಿಗೆ ಅದು ಕವಲಾಗಿ ತೋರುವುದಿಲ್ಲ. ಮೂರರಲ್ಲಿ ಅಗಲವಾದದ್ದನ್ನು ಹಿಡಿದೆವು. ಅದು ಹಿಂದೊಮ್ಮೆ ಅದಿರಿನ ಲಾರಿಗಳು ತಿರುಗಾಡಿದ ದಾರಿ. ಹಸುರು ನೀರು ನಿಂತ ಒಂದು ಹಳ್ಳದ ಅಂಚಿನಲ್ಲಿ ಅದು ಮುಗಿದುಹೋಯಿತು. ಆಗ ಹಿಂದಿರುಗಿ ಮೇಲೇರಿದ್ದರೆ ಅರ್ಧ ಗಂಟೆಯ ನಷ್ಟ, ಅಷ್ಟೆ. ಹತ್ತಿದ ದಾರಿಯನ್ನು ಮತ್ತೆ ಹತ್ತುವುದು ಯಾರಿಗೂ ಬೇಡವಾಯಿತು. ಊರು ಕೆಳಗಿದೆಯಲ್ಲ, ಕೆಳಗೆ ಇಳಿದರೆ ಸಾಕೆಂದು ಲಂಟಾನದ ಪೊದೆಗಳಲ್ಲಿ ನುಗ್ಗಿದೆವು.

ಹೊತ್ತು ಮುಳುಗುವ ವೇಳೆಗೆ ಮೇಕೆ ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಕಂಡು ನಿಂತಳು. “ದನದ ದಾರಿ ಹಿಡ್ಕಂಡು ಹೊಂಟಿದ್ದೀರಲ್ಲವ್ವ. ಅದು ನೀರಿಗೆ ಹೋಗ್ತದೆ, ಊರಿಗೆ ಹೋಗಾಕಿಲ್ಲ” ಎಂದು ಹೇಳಿ, ತಾನೇ ಮುಂದಾಗಿ ನಡೆದಳು. ನಾವು ಹಾಗಲವಾಡಿಯ ಕೆರೆ ಏರಿಯನ್ನು ಮುಟ್ಟಿದಾಗ ರಾತ್ರಿ ಎಂಟು ಗಂಟೆ. ಏರಿಯ ಮೇಲೆ ಬ್ಯಾಟರಿಗಳನ್ನು ಹಿಡಿದು ತಂದೆಗಳೂ ಅಣ್ಣಂದಿರೂ ನಿಂತಿದ್ದರು. ಒಬ್ಬಳ ಕಾಲು ಉಳುಕಿದ್ದು ಬಿಟ್ಟರೆ ಯಾರಿಗೂ ಅಪಾಯವಾಗಿರಲಿಲ್ಲ. ಒಬ್ಬ ತಾಯಿ ನಮ್ಮ ಮೇಲೆ ಕೋಪಿಸಿಕೊಳ್ಳಲಿಲ್ಲ, ಮಗಳ ಕೈಹಿಡಿದು ಒಂದು ಮಾತೂ ಆಡದೆ ಹೊರಟುಹೋದರು. ಅವರು ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಮುಂದಿನ ವರ್ಷ ಪ್ರವಾಸದ ಪಟ್ಟಿಗೆ ಯಾವ ಹುಡುಗಿಯ ಹೆಸರೂ ಬರಲಿಲ್ಲ.

ತಪ್ಪು ನಮ್ಮದು. ಆದರೆ ಆ ತಪ್ಪು ಹೆಣ್ಣುಮಕ್ಕಳು ಬೆಟ್ಟಕ್ಕೆ ಹೋದದ್ದರಲ್ಲಿ ಇರಲಿಲ್ಲ, ಲೆಕ್ಕವಿಲ್ಲದೆ ಹೋದದ್ದರಲ್ಲಿ ಇತ್ತು. ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚನ್ನು ಎಣಿಸುವ ಸಾಮ್ಯವನ್ನು ನಾವು ಸತ್ಯವೇದದ ತರಗತಿಯಲ್ಲಿ ಎಷ್ಟು ಸಲ ಹೇಳಿಕೊಟ್ಟಿದ್ದೇವೋ! ಬೆಟ್ಟದ ಖರ್ಚೆಂದರೆ ಹಗಲಿನ ಬೆಳಕು, ನೀರು, ಕಾಲಿನ ಶಕ್ತಿ. ಈ ಮೂರನ್ನೂ ನಾವು ಎಣಿಸಿರಲಿಲ್ಲ.

ಮೊದಲು ನೆಲದ ಗುಣವನ್ನು ತಿಳಿಯತಕ್ಕದ್ದು. ನಮ್ಮ ಜಿಲ್ಲೆಯಲ್ಲಿ ಹಾದಿ ತಪ್ಪುವುದಕ್ಕೆ ಎರಡು ಬಗೆಗಳುಂಟು. ಚಿಕ್ಕನಾಯಕನಹಳ್ಳಿ ಮತ್ತು ಗುಬ್ಬಿ ಸೀಮೆಗಳ ಗುಡ್ಡಸಾಲು ಚಿತ್ರದುರ್ಗದ ಕಡೆಯಿಂದ ಇಳಿದುಬರುವ ಪದರಗಲ್ಲಿನ ಪಟ್ಟಿಗೆ ಸೇರಿದ್ದು. ಇಲ್ಲಿ ಬೆಟ್ಟಗಳು ಗುಂಡಾಗಿ, ಹುಲ್ಲು, ಬಂದರೆ ಗಿಡ, ಲಂಟಾನಗಳಿಂದ ತುಂಬಿರುತ್ತವೆ. ಕಬ್ಬಿಣ, ಮ್ಯಾಂಗನೀಸುಗಳ ಅದಿರು ಇರುವುದರಿಂದ ಬಹಳ ಕಾಲ ಗಣಿಕೆಲಸ ನಡೆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಬಳಿಕ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಳನ್ನೂ ತಡೆದದ್ದು ಅನೇಕರ ನೆನಪಿನಲ್ಲಿದ್ದೀತು. ಲಾರಿಗಳು ನಿಂತುಹೋದ ಕಡೆಗಳಲ್ಲಿಯೂ ಅವು ಕೊರೆದ ದಾರಿಗಳು ಉಳಿದಿವೆ. ಆದಕಾರಣ ಈ ಗುಡ್ಡಗಳಲ್ಲಿ ಹಾದಿಯಿಲ್ಲದೆ ಯಾರೂ ದಾರಿ ತಪ್ಪುವುದಿಲ್ಲ. ಹಾದಿಗಳು ಹೆಚ್ಚಾಗಿ ದಾರಿ ತಪ್ಪುತ್ತಾರೆ.

ಕುಣಿಗಲ್ ಕಡೆಯ ಪೂರ್ವವಿದ್ಯಾರ್ಥಿನಿಯರು ಪದೇ ಪದೇ ಕೇಳುವ ಹುತ್ರಿದುರ್ಗದ ಸಂಗತಿ ಇದಕ್ಕೆ ತೀರ ಬೇರೆ. ಸಮುದ್ರಮಟ್ಟಕ್ಕೆ ಸುಮಾರು 3,700 ಅಡಿ ಎತ್ತರದ ಆ ದುರ್ಗವೂ, ದೇವರಾಯನದುರ್ಗವೂ, ಮಾಗಡಿಯ ಸಾವನದುರ್ಗವೂ ಗಟ್ಟಿಯಾದ ಗ್ರಾನೈಟ್ ಕಲ್ಲಿನವು. 1791ನೆಯ ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿದ ಇಂಗ್ಲಿಷರ ಸೈನ್ಯವು ಮೂರೇ ದಿನಗಳಲ್ಲಿ ಹುತ್ರಿದುರ್ಗವನ್ನೂ ಹಿಡಿಯಿತೆಂದು ಚರಿತ್ರೆಯ ಪಾಠದಲ್ಲಿ ಹೇಳುತ್ತೇವೆ. ಅಂದು ಕಾವಲಿದ್ದ ಬಾಗಿಲುಗಳು ಇಂದು ಹಾಳುಬಿದ್ದಿದ್ದರೂ ನಡೆಯುವವರಿಗೆ ಅವೇ ದಾರಿಯ ಗುರುತುಗಳು. ಒಂದು ಬಾಗಿಲಿನಿಂದ ಇನ್ನೊಂದರ ತನಕ ಮಾತ್ರ ಬರಿಯ ಬಂಡೆ. ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ. ಅಲ್ಲಿ ಕಣ್ಣು ಹುಡುಕಬೇಕಾದದ್ದು ಕಲ್ಲಿನಲ್ಲಿ ಕೊರೆದ ಮೆಟ್ಟುಗಳನ್ನು, ಮತ್ತು ಬಹುಕಾಲ ಬರಿಗಾಲುಗಳು ತುಳಿದು ಕಪ್ಪು ಪಾಚಿ ಅಳಿದು ಬೆಳ್ಳಗಾದ ಗೀಟನ್ನು. ಬೆಳಗಿನ ಓರೆಬಿಸಿಲಿನಲ್ಲಿ ಈ ಗೀಟು ಚೆನ್ನಾಗಿ ಕಾಣುತ್ತದೆ, ನಡುಹಗಲಿನಲ್ಲಿ ಮಾಯವಾಗುತ್ತದೆ. ಯಾರೋ ಬಣ್ಣದಿಂದ ಬರೆದ ಬಾಣದ ಗುರುತುಗಳನ್ನು ಪೂರ್ತಿಯಾಗಿ ನಂಬಕೂಡದು. ಅವನ್ನು ಬರೆದವನು ಎಲ್ಲಿಗೆ ಹೊರಟಿದ್ದನೆಂಬುದು ನಮಗೆ ತಿಳಿಯದು.

ಹಾಗಲವಾಡಿಯ ಕಡೆಯ ಗುಡ್ಡಗಳಿಗೆ ಮರಳೋಣ. ಮೇಕೆಯ ಮುದುಕಿಯ ಮಾತು ನಮಗೆ ಒಂದು ಪುಸ್ತಕದಷ್ಟು ಕಲಿಸಿತು. ಪ್ರತಿಯೊಂದು ಹಾದಿಗೂ ತನ್ನದೇ ಒಂದು ಕೆಲಸವುಂಟು. ದನದ ಹಾದಿ ಪಕ್ಕಪಕ್ಕದಲ್ಲಿ ಹಲವು ಎಳೆಗಳಾಗಿ ಇಳಿಜಾರಿಗೆ ಅಡ್ಡಲಾಗಿ ಸಾಗಿ ಕುಂಟೆಗೋ ಕಟ್ಟೆಗೋ ಹೋಗುತ್ತದೆ. ಮೇಕೆಯ ಹಾದಿ ಎಲ್ಲಿಗೂ ಹೋಗುವುದಿಲ್ಲ. ಸೌದೆಯವರ ಹಾದಿ ಅಡಿಯಲ್ಲಿ ಸ್ಪಷ್ಟವಾಗಿದ್ದು ಮೇಲೇರಿದಂತೆ ಕವಲೊಡೆದು ಪೊದೆಗಳಲ್ಲಿ ಕರಗುತ್ತದೆ. ಅದೇ ಕಾರಣದಿಂದ ಇಳಿಯುವಾಗ ಅದನ್ನು ನಂಬಬಹುದು, ಏರುವಾಗ ನಂಬಲಾಗದು. ಗುಡಿಗೆ ಹೋಗುವ ಹಾದಿಯಲ್ಲಿ ಸುಣ್ಣ ಬಳಿದ ಕಲ್ಲು, ಅಲ್ಲಲ್ಲಿ ಜೋಡಿಸಿದ ಮೆಟ್ಟಿಲು, ಒಡೆದ ತೆಂಗಿನ ಚಿಪ್ಪು ಕಾಣಸಿಗುತ್ತವೆ. ಲಾರಿಯ ದಾರಿ ಎಲ್ಲಕ್ಕಿಂತ ಅಗಲ, ಎಲ್ಲಕ್ಕಿಂತ ಮೋಸ. ಹುಡುಗಿಯರು ಇವನ್ನು ಒಮ್ಮೆ ನೋಡಿ ಕಲಿತರೆ ಯಾವ ಊರಿನ ಗುಡ್ಡದಲ್ಲಿಯೂ ಮರೆಯಲಾರರು.

ಆದುದರಿಂದ ತಂಡ ಹೊರಡುವುದಕ್ಕೆ ಎರಡು ವಾರ ಮುಂಚೆ ನಮ್ಮಲ್ಲಿ ಇಬ್ಬರು ಊರಿನವರೊಬ್ಬರ ಸಂಗಡ ಹೋಗಿ ಹಾದಿಯನ್ನು ನೋಡಿ ಬರತಕ್ಕದ್ದೆಂದು ಗೊತ್ತುಮಾಡಿದ್ದೇವೆ. ಹಾಗೆ ಹೋದವರು ಪ್ರತಿ ಕವಲಿನಲ್ಲಿಯೂ ನಿಂತು, ಹಿಂದಿರುಗಿ ನೋಡಿ, ಇಳಿಯುವವರಿಗೆ ಅದು ಹೇಗೆ ಕಾಣುತ್ತದೆಂಬುದನ್ನು ಚಿತ್ರ ತೆಗೆದುಕೊಂಡು ಬರಬೇಕು. ಏರುವ ಹಾದಿಯೂ ಇಳಿಯುವ ಹಾದಿಯೂ ಕಣ್ಣಿಗೆ ಒಂದೇ ಅಲ್ಲ. ನಾವು ಅಂದು ಕೆಟ್ಟದ್ದು ಇದೊಂದನ್ನು ತಿಳಿಯದೆ.

ಹಳ್ಳಿಯವರನ್ನು ದಾರಿ ಕೇಳುವುದರಲ್ಲಿಯೂ ಒಂದು ಕ್ರಮವುಂಟು. “ಗುಡ್ಡಕ್ಕೆ ಇದೇ ದಾರಿಯೇ?” ಎಂದು ಕೇಳಿದರೆ, ಬಂದವರ ಮನಸ್ಸನ್ನು ನೋಯಿಸಲಾರದೆ “ಹೂಂ, ಹೋಗಿ” ಎನ್ನುವವರೇ ಹೆಚ್ಚು. “ಈ ದಾರಿ ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದರೆ ನಿಜವು ಹೊರಬರುತ್ತದೆ. ಎಷ್ಟು ದೂರವೆಂದು ಕೇಳಿದರೆ “ಕೂಗಳತೆ” ಎಂಬ ಉತ್ತರ ಬರುವುದು. ಬೆಟ್ಟದವರ ಕೂಗು ನಮ್ಮ ಕೂಗಿಗಿಂತ ಬಹು ದೂರ ಹೋಗುತ್ತದೆಂದು ನೆನಪಿಡತಕ್ಕದ್ದು. “ನೀವು ಹೊತ್ತು ಹುಟ್ಟುವಾಗ ಹೊರಟರೆ ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೀರಿ?” ಎಂದು ಕೇಳಿ, ಬಂದ ಉತ್ತರವನ್ನು ನಮ್ಮ ಕಾಲುಗಳಿಗೆ ಇಮ್ಮಡಿ ಮಾಡಿಕೊಂಡರೆ ಸರಿಹೋಗುತ್ತದೆ. 1837ರಲ್ಲಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಠಾಣೆಯನ್ನು ಹೂಡಿದ ಹಾಡ್ಸನ್ ದೊರೆಯವರ ಕಾಲದಲ್ಲಿ ದಾರಿ ಕೇಳುವುದೊಂದೇ ನಕ್ಷೆಯಾಗಿದ್ದಿರಬೇಕು. ನಮಗೆ ಅದರೊಂದಿಗೆ ಬೇರೆ ಸೌಕರ್ಯಗಳೂ ಇವೆ.

ನಕ್ಷೆಯ ವಿಷಯ. ಭಾರತ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಗಳಲ್ಲಿ 2 ಸೆಂಟಿಮೀಟರು ನೆಲದ ಮೇಲಿನ 1 ಕಿಲೋಮೀಟರಿಗೆ ಸಮ. ಸಮೋನ್ನತ ರೇಖೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ಬಿಡಿಯಾಗಿದ್ದರೆ ಸುಲಭದ ನಡಿಗೆ; ಭೂಗೋಳವನ್ನು ನಮ್ಮಲ್ಲಿ ಕಲಿತವರಿಗೆ ಇದು ಹೊಸತಲ್ಲ. ಕಾಲುಹಾದಿಯ ಚುಕ್ಕೆಗೀಟನ್ನು ಮಾತ್ರ ಹಾಳೆಯ ಮೇಲೆ ಕಂಡಷ್ಟಕ್ಕೇ ನಂಬಕೂಡದು. ಅಳತೆಯಾದ ಮೇಲೆ ಹಾದಿ ಮುಚ್ಚಿರಬಹುದು. ಬೆಟ್ಟದ ಏಣು, ಹಳ್ಳ, ಕೆರೆಗಳು ಹಾಗೆ ಬದಲಾಗುವಂಥವಲ್ಲ, ನಂಬಬೇಕಾದದ್ದು ಅವನ್ನು. ಮೊಬೈಲಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ಅನುಕೂಲವೇ ಸರಿ. ಆದರೆ ಅಂದು ನಮ್ಮ ಹನ್ನೊಂದು ಮಂದಿಯಲ್ಲಿ ಏಳು ಮೊಬೈಲುಗಳಿದ್ದು, ಕಣಿವೆಯಲ್ಲಿ ಒಂದಕ್ಕೂ ಸಿಗ್ನಲ್ ಸಿಕ್ಕಲಿಲ್ಲ. ಹಗಲೆಲ್ಲ ಚಿತ್ರ ತೆಗೆದು ಐದರ ಬ್ಯಾಟರಿ ಬರಿದಾಗಿತ್ತು. ಕಾಗದದ ನಕ್ಷೆಯೊಂದು ಕೈಯಲ್ಲಿರಲಿ. ದಿಕ್ಸೂಚಿಯ ಮುಳ್ಳು ಅದಿರಿನ ಬಂಡೆಯ ಸಮೀಪದಲ್ಲಿ ಹೊರಳುವುದುಂಟಾದ್ದರಿಂದ ನಾಲ್ಕು ಹೆಜ್ಜೆ ಸರಿದು ಎರಡನೆಯ ಸಲ ನೋಡತಕ್ಕದ್ದು.

ಇನ್ನು ಕಾಲದ ಲೆಕ್ಕ. ನಮ್ಮ ಯೋಜನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ನಮ್ಮ ನಂಬಿಕೆ. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬಾತನು 1892ರಲ್ಲಿ ಕೊಟ್ಟ ನಿಯಮವೊಂದು ಬೆಟ್ಟ ಹತ್ತುವವರಲ್ಲಿ ಈಗಲೂ ಬಳಕೆಯಲ್ಲಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಏರಿದ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಹೋಗಿಬರುವ ದೂರ 12 ಕಿಲೋಮೀಟರು, ಏರು 300 ಮೀಟರು ಎಂದಿಟ್ಟುಕೊಂಡರೆ ಹೆಚ್ಚುಕಡಮೆ ಮೂರು ಗಂಟೆಯಾಗುತ್ತದೆ. ಇದು ಗಟ್ಟಿಗನಾದ ಒಬ್ಬನ ಲೆಕ್ಕ. ಹನ್ನೊಂದು ಮಂದಿಯ ಗುಂಪು, ಬೆನ್ನಮೇಲೆ ಚೀಲ, ಗುರುತಿಲ್ಲದ ಹಾದಿ ಎಂದು ಅರ್ಧಪಾಲು ಕೂಡಿಸಿದರೆ ನಾಲ್ಕೂವರೆ. ಊಟಕ್ಕೂ ವಿಶ್ರಾಂತಿಗೂ ಒಂದೂವರೆ. ಒಟ್ಟು ಆರು ಗಂಟೆ. ಇಲ್ಲಿಗೆ ನಿಲ್ಲಿಸುವವರೇ ಬಹಳ ಮಂದಿ. ದಾರಿ ತಪ್ಪುವುದಕ್ಕೂ ಎರಡು ಗಂಟೆಗಳನ್ನು ಲೆಕ್ಕದಲ್ಲಿ ಸೇರಿಸತಕ್ಕದ್ದು. ತಪ್ಪದಿದ್ದರೆ ಆ ಎರಡು ಗಂಟೆ ಕೆರೆ ಏರಿಯ ಮೇಲೆ ಕುಳಿತು ಕಡಲೆಪುರಿ ತಿನ್ನುವುದಕ್ಕೆ ಆದೀತು.

ಜನವರಿಯಲ್ಲಿ ನಮ್ಮ ಸೀಮೆಯಲ್ಲಿ 6 ಗಂಟೆಯ ಮೇಲೆ ಸುಮಾರು 10 ನಿಮಿಷಕ್ಕೆ ಸೂರ್ಯನು ಮುಳುಗುತ್ತಾನೆ. ಮುಳುಗಿದ ಮೇಲೆ ದಾರಿ ಕಾಣುವಷ್ಟು ಬೆಳಕು ಇಪ್ಪತ್ತು ನಿಮಿಷ ಇದ್ದರೆ ಹೆಚ್ಚು. ಪೊದೆಗಳೊಳಗೆ ಅಷ್ಟೂ ಇರದು. ಆದಕಾರಣ ಬೆಳಗ್ಗೆ 7 ಗಂಟೆಗೆ ನಡಿಗೆ ಆರಂಭ. 11 ಗಂಟೆ 30 ನಿಮಿಷಕ್ಕೆ ಎಲ್ಲಿದ್ದರೆ ಅಲ್ಲಿಂದ ಹಿಂದಿರುಗುವುದು. ನೆತ್ತಿ ಕಣ್ಣೆದುರಿನಲ್ಲಿ ನೂರು ಗಜ ದೂರದಲ್ಲಿದ್ದರೂ ಹಿಂದಿರುಗುವುದು. ಈ ಗಂಟೆಯನ್ನು ಮನೆಯಲ್ಲಿ ಕುಳಿತು ಗೊತ್ತುಮಾಡಬೇಕು. ಬೆಟ್ಟದ ಮೇಲೆ ಗೊತ್ತುಮಾಡಹೊರಟರೆ ಹುರುಪು ಬುದ್ಧಿಯನ್ನು ಗೆಲ್ಲುತ್ತದೆ. ಗಡಿಯಾರವನ್ನು ನೋಡಿ ಕೂಗುವ ಅಧಿಕಾರವನ್ನು ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ ಕೊಡುತ್ತೇವೆ; ಆಕೆಯ ಮಾತನ್ನು ಉಪಾಧ್ಯಾಯಿನಿಯರೂ ಮೀರಕೂಡದು.

ಹಾದಿಯಲ್ಲಿ ಸಂಶಯ ಬಂದರೆ ಮಾಡಬೇಕಾದದ್ದು ಒಂದೇ. ನಿಲ್ಲುವುದು, ಸಂಶಯವಿಲ್ಲದೆ ನಿಂತಿದ್ದ ಕಡೆಯ ಸ್ಥಳಕ್ಕೆ ಎಲ್ಲರೂ ಕೂಡಿ ಹಿಂದಿರುಗುವುದು. ದಾರಿ ಹುಡುಕಲು ಒಬ್ಬಳನ್ನು ಮುಂದೆ ಕಳುಹಿಸಕೂಡದು, ದಣಿದವಳನ್ನು ಕೂರಿಸಿ ಉಳಿದವರು ಹೋಗಕೂಡದು. ಆ ಕಡೆಯ ಸ್ಥಳವನ್ನು ಗುರುತಿಸುವುದಕ್ಕೆ ಹಳೆಯ ಸೀರೆಯ ಕೆಂಪು ಅಂಚನ್ನು ಮೊಳದುದ್ದ ಹರಿದು ಇಪ್ಪತ್ತು ತುಂಡು ಒಯ್ಯುತ್ತೇವೆ. ಪ್ರತಿ ಕವಲಿನಲ್ಲಿ ಬಂದ ದಾರಿಯ ಕಡೆಗೆ ಕಣ್ಣಿನ ಎತ್ತರಕ್ಕೆ ಒಂದನ್ನು ಕಟ್ಟುವುದು. ಇಳಿಯುವಾಗ ಕಡೆಯವಳು ಬಿಚ್ಚಿ ಎಣಿಸುತ್ತ ಬರುವುದು. ಇಪ್ಪತ್ತೂ ಕೈಗೆ ಬಂದರೆ ಗುಡ್ಡದಲ್ಲಿ ನಮ್ಮ ಕಸವೂ ಉಳಿಯಲಿಲ್ಲ, ದಾರಿಯೂ ತಪ್ಪಲಿಲ್ಲ. ಒಬ್ಬೊಬ್ಬರ ಕೊರಳಲ್ಲಿಯೂ ಒಂದು ಸೀಟಿ ಇರಬೇಕು: ನಿಮಿಷಕ್ಕೆ ಆರು ಸಲ ಊದಿದರೆ ಸಹಾಯ ಬೇಕೆಂದೂ, ಮೂರು ಸಲ ಊದಿದರೆ ಕೇಳಿಸಿತೆಂದೂ ಆಲ್ಪ್ಸ್ ಪರ್ವತದವರು 19ನೆಯ ಶತಮಾನದ ಕೊನೆಯಲ್ಲಿ ಮಾಡಿಕೊಂಡ ಕಟ್ಟಳೆ ನಮಗೂ ಸಾಕು.

ಚೀಲದ ಬಗ್ಗೆ ತಾಯಂದಿರಿಗೆ ಎರಡು ಮಾತು. ಮಗಳ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಭಾರ ಬೇಡ. 40 ಕಿಲೋ ತೂಗುವ ಹುಡುಗಿಗೆ 8 ಕಿಲೋ. ಅದರಲ್ಲಿ ನೀರೇ 3 ಲೀಟರು, ಎಂದರೆ 3 ಕಿಲೋ. ಗುಡ್ಡದ ಮೇಲೆ ನೀರಿದೆಯೆಂದು ಯಾರು ಹೇಳಿದರೂ ತುಂಬಿಕೊಂಡೇ ಹೋಗತಕ್ಕದ್ದು. ರಾಗಿರೊಟ್ಟಿ, ಚಟ್ನಿಪುಡಿ, ಹುರಿಗಾಳು, ನಿಂಬೆಹಣ್ಣು, ಉಪ್ಪು, ನಮ್ಮ ಸೀಮೆಯ ಕೊಬ್ಬರಿ ಬೆಲ್ಲ. ಇವುಗಳ ಮುಂದೆ ಅಂಗಡಿಯ ಯಾವ ಪೊಟ್ಟಣವೂ ಬೇಡ. ಬ್ಯಾಟರಿ ಪ್ರತಿಯೊಬ್ಬಳಿಗೂ ಒಂದು, ಹಗಲೇ ಹಿಂದಿರುಗುತ್ತೇವೆಂದು ಎಷ್ಟೇ ಭರವಸೆ ಇದ್ದರೂ. ಹೊಸ ಪಾದರಕ್ಷೆಯನ್ನು ಅಂದೇ ಹಾಕಿಸಬೇಡಿ. ಎರಡು ವಾರ ಶಾಲೆಗೆ ಹಾಕಿಕೊಂಡು ಬರಲಿ. ಕಾಲು ಮುಚ್ಚುವ ಸಲ್ವಾರ್, ತೋಳು ಮುಚ್ಚುವ ಅಂಗಿ ಒಳ್ಳೆಯದು. ತಿಂಗಳ ದಿನಗಳು ಬರುವಂತಿದ್ದರೆ ಬೇಕಾದುದನ್ನು ಚೀಲದಲ್ಲಿಟ್ಟು ನಮ್ಮಲ್ಲೊಬ್ಬರಿಗೆ ತಿಳಿಸಿದರೆ ಸಾಕು. ಅದಕ್ಕಾಗಿ ಹೆಸರನ್ನು ಹಿಂತೆಗೆಯಬೇಕಾದ್ದಿಲ್ಲ.

ರಾತ್ರಿ ಗುಡ್ಡದ ಮೇಲೆ ತಂಗುವುದಿಲ್ಲ. ಹಿಂದಿನ ಸಂಜೆಯೇ ಹಾಗಲವಾಡಿಗೆ ಹೋಗಿ ಪರಿಚಯದ ಮನೆಗಳಲ್ಲಿ ಉಳಿಯುವುದು. ಕರಡಿ ಚಿರತೆಗಳು ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಇರುವುದು ನಿಜ. 2019 ಮತ್ತು 2020ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳ ಹಳ್ಳಿಗಳಲ್ಲಿ ಚಿರತೆಯಿಂದ ಜನರು ಸತ್ತ ದುಃಖವನ್ನು ಯಾರೂ ಮರೆತಿಲ್ಲ. ಮುಂಜಾವಿನ ಮಬ್ಬಿನಲ್ಲಿಯೂ ಸಂಜೆಯ ಮೇಲೆಯೂ ಹಾದಿಯಲ್ಲಿ ಇರದಿದ್ದರೆ, ಗುಂಪು ಚೆದರದಿದ್ದರೆ, ಈ ಭಯದ ಬಹುಪಾಲು ಕಳೆಯುತ್ತದೆ. ಬಂಡೆಗಳ ಮಗ್ಗುಲಿನ ಹೆಜ್ಜೇನಿಗೆ ನಾವು ಹೆಚ್ಚು ಅಂಜುತ್ತೇವೆ. ಗೂಡಿನ ಕೆಳಗೆ ಹೊಗೆ, ಕೂಗಾಟ, ಸುಗಂಧದೆಣ್ಣೆ ಯಾವುದೂ ಕೂಡದು.

ಜನವರಿಯನ್ನೇ ಏಕೆ ಆರಿಸಿದಿರೆಂದು ಕೇಳುವವರಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಬೇಸಗೆಯಲ್ಲಿ ಹೋಗಬಾರದೇ ಎಂದು. 2018ನೆಯ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ನಡೆದದ್ದನ್ನು ಅವರಿಗೆ ನೆನಪಿಸುತ್ತೇವೆ. ಬೆಟ್ಟ ನಡೆದು ಇಳಿಯುತ್ತಿದ್ದ ತಂಡಗಳನ್ನು ಒಣಹುಲ್ಲಿನ ಬೆಂಕಿ ಸುತ್ತುವರಿದು, ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಅವರಲ್ಲಿ ಅನೇಕರು ಹೆಣ್ಣುಮಕ್ಕಳು. ಫೆಬ್ರವರಿ ಕಳೆದರೆ ನಮ್ಮ ಗುಡ್ಡಗಳ ಹುಲ್ಲೂ ಹಾಗೆಯೇ ಒಣಗಿ ನಿಂತಿರುತ್ತದೆ. ಬೆಂಕಿಯು ಇಳಿಜಾರಿನಲ್ಲಿ ಮೇಲಕ್ಕೆ ಓಡುವ ವೇಗವನ್ನು ಮನುಷ್ಯನ ಕಾಲು ಗೆಲ್ಲಲಾರದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಗುಡುಗು ಸಿಡಿಲು. ಮಳೆಗಾಲದಲ್ಲಿ ಜಾರುವ ಬಂಡೆ. ಕ್ರಿಸ್ತಜಯಂತಿಯ ರಜೆ ಮುಗಿದ ಬಳಿಕ ಬರುವ ಮೂರು ನಾಲ್ಕು ವಾರಗಳೇ ನಮಗೆ ಉಳಿದ ಕಾಲ.

ಕಾಡಿನೊಳಗೆ ಕಾಲಿಡುವ ಮುಂಚೆ ಅರಣ್ಯ ಇಲಾಖೆಯ ಅನುಮತಿಯನ್ನು ಬರಹದಲ್ಲಿ ಪಡೆಯತಕ್ಕದ್ದು. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನಸಂದಣಿ ಮಿತಿಮೀರಿದ ಬಳಿಕ ರಾಜ್ಯದಲ್ಲಿ ಚಾರಣದ ನಿಯಮಗಳು ಬಿಗಿಯಾಗಿವೆ. ಹಲವು ಬೆಟ್ಟಗಳಿಗೆ ಅರಣ್ಯ ವಿಹಾರ ಎಂಬ ಜಾಲತಾಣದಲ್ಲಿ ಮುಂಗಡವಾಗಿ ಚೀಟಿ ಪಡೆಯಬೇಕು. ಅನುಮತಿ ಕೇಳಲು ಹೋದಲ್ಲಿ ಇನ್ನೊಂದು ಲಾಭವೂ ಉಂಟು: ಕಾವಲುಗಾರನಿಗೆ ತಿಳಿದಷ್ಟು ಹಾದಿಯ ಸ್ಥಿತಿ ಯಾವ ನಕ್ಷೆಗೂ ತಿಳಿಯದು.

ಕೊನೆಯದಾಗಿ ಒಂದು ಕಾಗದದ ವಿಷಯ. ಹೊರಡುವ ಮುನ್ನಾದಿನ ತಂಡದವರ ಹೆಸರು, ರಕ್ತದ ಗುಂಪು, ಹಿಡಿಯುವ ಹಾದಿ, ಹಿಂದಿರುಗುವ ಗಂಟೆ, ಹಾಗಲವಾಡಿಯಲ್ಲಿ ನಾವು ತಂಗಿದ ಮನೆ, ಇವನ್ನೆಲ್ಲ ಬರೆದು ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯಿನಿಯವರಲ್ಲಿಯೂ, ಒಂದನ್ನು ಆ ಮನೆಯಲ್ಲಿಯೂ, ಒಂದೊಂದನ್ನು ಪ್ರತಿ ತಂದೆತಾಯಿಗಳ ಕೈಯಲ್ಲಿಯೂ ಕೊಡುತ್ತೇವೆ. ಬರೆದ ಹಾದಿಯನ್ನು ಬಿಟ್ಟು ಬೇರೆ ಹಾದಿಯಲ್ಲಿ ಎಷ್ಟೇ ಚಂದ ಕಂಡರೂ ಹೋಗುವುದಿಲ್ಲ. ಹುಡುಕಿ ಬರುವವರು ಆ ಕಾಗದವನ್ನೇ ನಂಬಿ ಬರುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ನೂರ ಇಪ್ಪತ್ತೊಂದನೆಯ ಕೀರ್ತನೆಯನ್ನು ಓದಿ ಹೊರಡುತ್ತೇವೆ. ಸಂಜೆ 5 ಗಂಟೆಗೆ ಕೆರೆ ಏರಿಯಿಂದ ಮುಖ್ಯೋಪಾಧ್ಯಾಯಿನಿಯವರಿಗೆ ಫೋನು ಬರುತ್ತದೆ, ಅವರಿಂದ ನಿಮಗೆ. 6 ಗಂಟೆಯ ತನಕ ಸುದ್ದಿ ಬಾರದಿದ್ದರೆ, ಇನ್ನೇನು ಬಂದಾರೆಂದು ಕಾಯುತ್ತ ಕೂರಬೇಡಿ. ನಾವು ತಂಗಿದ ಮನೆಯವರಿಗೆ ಹೇಳಿ, ಅರಣ್ಯದ ಕಚೇರಿಗೆ ತಿಳಿಸಿ, 112ಕ್ಕೆ ಕರೆಮಾಡಿ. ನಾವು ಏರಿಯ ಮೇಲೆ ಸುಖವಾಗಿ ಕುಳಿತಿದ್ದು ಫೋನು ಮಾಡುವುದನ್ನು ಮರೆತಿದ್ದರೆ, ಬಂದು ನಮ್ಮನ್ನು ಧಾರಾಳವಾಗಿ ಬೈಯಬಹುದು.